ಉಲ್ಟಾ ಕೈ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆಗೆಯುವ ಮುಂಚೆ ನಾನು ಅದನ್ನು ಬಲಗೈಯ ಹಿಂಭಾಗದಿಂದ ಒಮ್ಮೆ ಮುಟ್ಟಿ ನೋಡುತ್ತೇನೆ. ಮಗುವಿಗೆ ಜ್ವರ ಬಂದಿದೆಯೋ ಇಲ್ಲವೋ ಎಂದು ಹಣೆ ಮುಟ್ಟಿ ನೋಡುತ್ತೇವಲ್ಲ, ಥೇಟ್ ಹಾಗೆ. ಜ್ವರ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹಿಡಿಕೆಗೆ ಕೈ ಹಾಕುವುದು. ಕೂಲರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಸ್‌ಸ್ಟ್ಯಾಂಡಿನ ತಣ್ಣೀರಿನ ಯಂತ್ರ, ಎಲ್ಲಕ್ಕೂ ಇದೇ ಉಪಚಾರ. ಮೊನ್ನೆ ಬೀಗರ ಮನೆಗೆ ಊಟಕ್ಕೆ ಹೋದಾಗ ಅವರ ಹೊಸ ಫ್ರಿಜ್ಜಿನ ಜ್ವರವನ್ನೂ ನೋಡಿದೆ. ಬೀಗರು ಕಣ್ಣು ಕಣ್ಣು ಬಿಟ್ಟರು. ಹೊರಗೆ ಬಂದ ಮೇಲೆ ನನ್ನ ಹೆಂಡತಿ ಶುರು ಮಾಡಿದಳು.

“ಇಪ್ಪತ್ತಾರು ವರ್ಷ ಫಿಜಿಕ್ಸ್ ಪಾಠ ಹೇಳೀರಿ. ಮಂದಿ ಮನ್ಯಾಗ ಹಿಂಗ ಮಾಡಿದ್ರ ಅವ್ರು ಏನ್ ತಿಳ್ಕೋಬೇಕ್ರಿ?”

ಏನಾದರೂ ತಿಳಿದುಕೊಳ್ಳಲಿ. ನೀವೂ ನಗುವುದಾದರೆ ನಕ್ಕುಬಿಡಿ, ನನ್ನದೇನೂ ಅಡ್ಡಿಯಿಲ್ಲ. ಈ ಚಟವನ್ನು ನಾನು ಎರಡು ಸಲ ಕಲಿತೆ. ಮೊದಲ ಸಲ ಕಲಿಸಿದವಳು ನಮ್ಮವ್ವ. ಓದಿ ದೊಡ್ಡವನಾದ ಮೇಲೆ ಅದನ್ನು ಬಿಟ್ಟೆ. ಎರಡನೆಯ ಸಲ ಕಲಿತದ್ದು ಎರಡು ವರ್ಷದ ಹಿಂದೆ, ತಾಂಡೂರಿನ ಹತ್ತಿರ, ಯಾಲಾಲ್ ಕಡೆಯ ಒಂದು ಸಾವಿನ ಮನೆಯಲ್ಲಿ.

ಅವ್ವನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾರಾಯಣಖೇಡದಲ್ಲಿ ನಮ್ಮದು ತಗಡಿನ ಮನೆ. ನಾನು ಎರಡನೆಯ ತರಗತಿಯಲ್ಲಿದ್ದಾಗ ಮನೆಗೆ ಕರೆಂಟು ಬಂತು. ಒಂದು ಬಲ್ಬು, ಒಂದು ಮರದ ಬೋರ್ಡು, ಅದರ ಮೇಲೆ ಕರಿಯ ಸ್ವಿಚ್ಚು. ಊರವರಿಗೆಲ್ಲ ಅದು ಬೆಳಕು. ನಮ್ಮವ್ವನಿಗೆ ಮಾತ್ರ ಅದು ಮನೆಯಲ್ಲಿ ಬಂದು ಕುಳಿತ ಮುಂಗೋಪಿ ನೆಂಟ. ಎಲ್ಲಿ ಕುಳಿತಿರುತ್ತಾನೆ, ಯಾವಾಗ ಸಿಡುಕುತ್ತಾನೆ, ಹೇಳಲಾಗದು. ಮಳೆಗಾಲದಲ್ಲಿ ಗೋಡೆಯಲ್ಲಿ ಇರಬಹುದು, ಬಟ್ಟೆ ಒಣಹಾಕುವ ತಂತಿಯಲ್ಲಿ ಇರಬಹುದು, ತಗಡಿನಲ್ಲೂ ಇರಬಹುದು. ಆದ್ದರಿಂದ ಅವಳು ಮನೆಯ ಕಬ್ಬಿಣದ ಸಾಮಾನನ್ನೆಲ್ಲ ಮೊದಲು ಕೈಯ ಹಿಂಭಾಗದಿಂದ ಸವರಿ, ಆಮೇಲೆ ಹಿಡಿಯುತ್ತಿದ್ದಳು.

ಒಂದು ದಿನ ಮಳೆ ನಿಂತ ಮೇಲೆ ನಾನು ಪುಸ್ತಕ ಹಿಡಿದು ಕಬ್ಬಿಣದ ಮಂಚದ ಮೇಲೆ ಹತ್ತಲು ಹೋದೆ. “ತಡಿ” ಎಂದು ಅವ್ವ ಮುಂದೆ ಬಂದು ಮಂಚದ ಕಾಲಿಗೆ ಹಿಂಗೈ ತಾಗಿಸಿದಳು. ಕೈ ಛಟ್ಟನೆ ಹಿಂದಕ್ಕೆ ಹಾರಿ ಗೋಡೆಗೆ ಬಡಿಯಿತು. ಎರಡು ಬಳೆ ಒಡೆದವು. ಮೊಣಕೈ ತಿಕ್ಕಿಕೊಳ್ಳುತ್ತಾ ಅವಳು ನಕ್ಕಳು. ನನಗೆ ಅಳು ಬಂತು.

“ಯಾಕ ಅಳ್ತಿ? ನೋಡಿದ್ಯಾ, ಉಲ್ಟಾ ಕೈ ಹಚ್ಚಿದ್ರ ಅದು ದೂಡತದ. ಅಂಗೈಲೆ ಹಿಡಿದ್ರ ಬಿಡಾಂಗಿಲ್ಲ. ಇಷ್ಟು ನೆನಪಿಡು, ಸಾಕು.”

ಇಷ್ಟನ್ನೇ ನಾನು ನೆನಪಿಡಲಿಲ್ಲ ನೋಡಿ. ತಾಂಡೂರಿನಲ್ಲಿ ಕೋಣೆ ಮಾಡಿಕೊಂಡು ಓದಿದೆ. ನೆಲಕ್ಕೆಲ್ಲ ಆ ಊರಿನದೇ ನೀಲಿ ಪರಸಿಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಅಂಗಾತ ಮಲಗಿ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದೆ. ಪ್ರವಾಹವೆಂದರೆ ಹರಿವು. ಹರಿಯಲು ದಾರಿ ಪೂರ್ತಿ ಇರಬೇಕು. ದಾರಿ ತುಂಡಾದರೆ ಪ್ರವಾಹವಿಲ್ಲ. ಎಷ್ಟು ಚೊಕ್ಕ! ಊರಿಗೆ ಹೋದವನೇ ಅವ್ವನನ್ನು ಕೂರಿಸಿಕೊಂಡು ಪಾಠ ಮಾಡಿದೆ. ಸ್ವಿಚ್ಚು ಆರಿಸಿದ ಮೇಲೆ ಪ್ರವಾಹ ಇರುವುದೇ ಇಲ್ಲ, ಆದ್ದರಿಂದ ನೀನು ‘ಕರೆಂಟ್ ಅದ’ ಎನ್ನುವುದು ಶುದ್ಧ ತಪ್ಪು ಎಂದೆ. ಅವಳು ಮೊರದಲ್ಲಿನ ತೊಗರಿಯಿಂದ ಕಲ್ಲು ಆರಿಸುತ್ತಲೇ ಕೇಳಿಸಿಕೊಂಡಳು.

“ಹೌದೇನಪಾ? ಹರೀಲಿ, ಬಿಡಲಿ. ನೀ ಮೊದ್ಲ ಉಲ್ಟಾ ಕೈ ಹಚ್ಚು.”

ಓದದ ಹೆಂಗಸು ಎಂದು ಮನಸ್ಸಿನಲ್ಲೇ ಕ್ಷಮಿಸಿದೆ. ಎಂಥ ದೊಡ್ಡ ಮನಸ್ಸು ನನ್ನದು!

ಜಹೀರಾಬಾದಿನ ಶಾಲೆಗೆ ಬಂದ ಮೇಲೆ ನನ್ನ ಯುದ್ಧ ಶುರುವಾಯಿತು. ಕನ್ನಡ ಮಾಧ್ಯಮದ ಒಂದೇ ವಿಭಾಗ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು ಆಡುವ ಮಕ್ಕಳು. ಮೂರು ಭಾಷೆಯಲ್ಲೂ ಕರೆಂಟಿಗೆ ಕರೆಂಟೇ. ಕರೆಂಟ್ ಹೋತು, ಕರೆಂಟ್ ಗಯಾ, ಕರೆಂಟ್ ಪೋಯಿಂದಿ. ಅದು ಹೋಗುತ್ತದೆ, ಬರುತ್ತದೆ, ಹೊಡೆಯುತ್ತದೆ, ಕಮ್ಮಿಯಾಗುತ್ತದೆ. ಫ್ಯಾನು ಅದನ್ನು ತಿನ್ನುತ್ತದೆ, ಬ್ಯಾಟರಿ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಪುಸ್ತಕದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಹೆಸರು: ಪ್ರವಾಹ, ವಿಭವಾಂತರ, ಶಕ್ತಿ, ಆವೇಶ. ನನ್ನ ಮಕ್ಕಳು ಎಲ್ಲವನ್ನೂ ಕರೆಂಟೆಂಬ ಒಂದೇ ಚೀಲಕ್ಕೆ ತುಂಬುತ್ತಿದ್ದರು. ನಾನು ಆ ಚೀಲ ಹರಿದುಹಾಕುತ್ತೇನೆಂದು ಟೊಂಕ ಕಟ್ಟಿದೆ.

“ಸರ, ಕರೆಂಟ್ ಹೋಗ್ಯಾದ್ರಿ.”

“ಎಲ್ಲಿಗೆ ಹೋಗ್ಯಾದೋ? ಬೀದರಕ್ಕೋ, ಹೈದರಾಬಾದಿಗೋ?”

“ಸರ, ಕೂಲರ್ ಭಾಳ ಕರೆಂಟ್ ತಿಂತದ್ರಿ.”

“ರೊಟ್ಟಿ ಜೋಡಿ ತಿಂತದೋ, ಅನ್ನದ ಜೋಡಿ ತಿಂತದೋ?”

ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಆ ನಗುವಿನ ರುಚಿ ನನಗೆ ಹತ್ತಿತ್ತು. ಪಾಠ ಮುಗಿಸಿ ಹೊರಗೆ ಬಂದಾಗ ಪಕ್ಕದ ತರಗತಿಯ ಮಾಸ್ತರರು, “ಏನ್ ಸರ, ನಿಮ್ಮ ಕ್ಲಾಸ್‌ನಾಗ ಜಾತ್ರಿ ನಡೆದಿತ್ತಲ್ಲ” ಎಂದರೆ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಮಹಾದೇವಿ ನನ್ನ ಕೈಗೆ ಸಿಕ್ಕಿದ್ದು ಆ ದಿನಗಳಲ್ಲಿ, ಈಗ್ಗೆ ಒಂಬತ್ತು ವರ್ಷದ ಹಿಂದೆ. ನ್ಯಾಲ್ಕಲ್ ಕಡೆಯ ಹಳ್ಳಿಯ ಒಕ್ಕಲು ಮನೆತನ. ಹಣೆಯ ತುಂಬ ವಿಭೂತಿ, ಎರಡು ಜಡೆ. ಜೀಪಿನಲ್ಲಿ ನಿಂತುಕೊಂಡೇ ಶಾಲೆಗೆ ಬರುತ್ತಿದ್ದಳು. ಹತ್ತನೆಯ ತರಗತಿ. ಕಿರುಪರೀಕ್ಷೆಯಲ್ಲಿ ನಾನೊಂದು ಪ್ರಶ್ನೆ ಕೊಟ್ಟಿದ್ದೆ: ಸ್ವಿಚ್ಚು ಆರಿಸಿದ ಮೇಲೆ ದೀಪದ ತಂತಿಯಲ್ಲಿ ವಿದ್ಯುತ್ ಪ್ರವಾಹ ಇರುತ್ತದೆಯೇ? ಕಾರಣ ಕೊಡಿ. ಎಲ್ಲರೂ ‘ಇರುವುದಿಲ್ಲ, ಮಂಡಲ ಪೂರ್ಣವಾಗಿಲ್ಲ’ ಎಂದು ಗಿಳಿಪಾಠ ಒಪ್ಪಿಸಿದ್ದರು. ಮಹಾದೇವಿ ಬರೆದದ್ದು ಹೀಗಿತ್ತು: ‘ಇರಬಹುದು. ಸ್ವಿಚ್ಚು ಬಂದ್ ಇದ್ದರೂ ಕೆಲವು ಸಲ ಕರೆಂಟ್ ಇರುತ್ತದೆ. ಆದ್ದರಿಂದ ಮೊದಲು ಕೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು.’

ನಾನು ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಸುತ್ತಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಪಕ್ಕದಲ್ಲಿ, ‘ಜ್ವರ ಎಷ್ಟಿದೆ? ಥರ್ಮಾಮೀಟರ್ ಇಟ್ಟು ನೋಡು’ ಎಂದು ಬರೆದೆ. ಬರೆದದ್ದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಜಾತ್ರೆಯೇ ಜಾತ್ರೆ. ಮಹಾದೇವಿ ಎದ್ದು ನಿಂತಳು.

“ಸರ, ನಮ್ಮವ್ವ ದಿನಾ ಹಂಗೇ ನೋಡ್ತಾಳ್ರಿ. ಒಮ್ಮೆ ಸ್ವಿಚ್ ಬಂದ್ ಇದ್ರೂ ಹೊಡದದ್ರಿ.”

“ನಿಮ್ಮವ್ವ ಡಾಕ್ಟರ್ ಆಗ್ಬೇಕಾಗಿತ್ತು ಬಿಡವ್ವ” ಎಂದೆ. ಮತ್ತೆ ನಗು. ಅವಳು ಕುಳಿತಳು. ನಮ್ಮವ್ವನ ಒಡೆದ ಬಳೆ ನನಗೆ ಆಗ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ತರಗತಿ ನಗುತ್ತಿತ್ತು, ನಾನು ಮುಂದಿನ ಉತ್ತರಪತ್ರಿಕೆ ಎತ್ತಿಕೊಂಡೆ.

ಹುಡುಗಿ ಛಲದವಳು. ಆ ಸೊನ್ನೆಯ ಮೇಲೆ ಸಿಟ್ಟು ಮಾಡಿಕೊಂಡು ಆ ಪಾಠವನ್ನು ಅರೆದು ಕುಡಿದಳು. ದೊಡ್ಡ ಪರೀಕ್ಷೆಯಲ್ಲಿ ನನ್ನ ವಿಷಯದಲ್ಲಿ ಶಾಲೆಗೇ ಮೊದಲು ಬಂದಳು. ಸುಗ್ಗಿಯಲ್ಲಿ ಅವಳ ಅವ್ವ ನಾಗಮ್ಮ ಸೀತನಿ ತಿನ್ನಲು ಕರೆದರು. ಎಳೆ ಜೋಳದ ತೆನೆ ಸುಟ್ಟು, ಉಜ್ಜಿ, ಬೆಲ್ಲ, ಶೇಂಗಾ ಹಿಂಡಿ ಜೊತೆಗೆ ಕೊಟ್ಟರು. ತಿಂದು ಕೈ ತೊಳೆಯಲು ಬೋರಿನ ಹತ್ತಿರ ಹೋದೆವು. ಮೋಟಾರಿನ ಕಬ್ಬಿಣದ ಡಬ್ಬಿ ಮುಚ್ಚಲು ನಾಗಮ್ಮ ಮೊದಲು ಹಿಂಗೈ ಮುಂದೆ ಮಾಡಿದರು.

“ಅವ್ವಾ, ಸ್ವಿಚ್ ಬಂದ್ ಅದ. ಸರ್ಕೀಟ್ ಪೂರ್ತಿ ಇಲ್ಲ ಅಂದ್ಮ್ಯಾಲ ಪ್ರವಾಹ ಹ್ಯಾಂಗ ಬರ್ತದ? ಸರ ಮುಂದ ಹಂಗ ಮಾಡಬ್ಯಾಡ” ಎಂದು ಮಹಾದೇವಿ ಅವರ ಕೈಯನ್ನು ಕೆಳಗಿಳಿಸಿದಳು. ತಾನೇ ಅಂಗೈಯಿಂದ ಡಬ್ಬಿಯ ಬಾಗಿಲು ಹಿಡಿದು ಧಡ್ ಎಂದು ಮುಚ್ಚಿದಳು. ಏನೂ ಆಗಲಿಲ್ಲ.

“ಶಾಬಾಸ್!” ಎಂದೆ ನಾನು.

ನಾಗಮ್ಮ ಸೆರಗಿಗೆ ಕೈ ಒರೆಸಿಕೊಂಡು, “ನಮಗೇನ್ ತಿಳೀತದ್ರಿ ಸರ, ಓದಿದಾಕಿ ಆಕಿ” ಎಂದು ನಕ್ಕರು. ಮಗಳ ಮೇಲಿನ ಹೆಮ್ಮೆಯಿಂದ ಅವರ ಮುಖ ಅರಳಿತ್ತು. ಅವರ ಕೊನೆಯ ಮಗಳು ಗೌರಿ, ಆಗ ಆರು ವರ್ಷದವಳು, ನನ್ನ ಪಕ್ಕ ನಿಂತು ತೆನೆ ಉಜ್ಜುತ್ತಿದ್ದಳು.

ಮಹಾದೇವಿ ಡಿಗ್ರಿ ಮುಗಿಸಿದಳು, ಯಾಲಾಲ್ ಕಡೆ ಮದುವೆಯಾಗಿ ಹೋದಳು. ಗಂಡ ತಾಂಡೂರಿನ ಬೇಳೆ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ಊರಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ ಎಂದು ಒಮ್ಮೆ ಫೋನ್ ಮಾಡಿದ್ದಳು. “ನಿಮ್ಮಂಗೇ ನಗಿಸ್ತೀನ್ರಿ ಸರ” ಎಂದಿದ್ದಳು.

ಎರಡು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ, ಬೇರೆ ಫೋನ್ ಬಂತು. ನಾನು ಹೋಗಿ ಮುಟ್ಟುವ ಹೊತ್ತಿಗೆ ಮಹಾದೇವಿಯ ಮಣ್ಣು ಮುಗಿದಿತ್ತು. ಅಂಗಳದಲ್ಲಿ ಜನ ಕುಳಿತಿದ್ದರು. ಬಚ್ಚಲ ಬಾಗಿಲ ಬಳಿಯಿದ್ದ ಸ್ಟೀಲಿನ ಬಕೀಟಿನಲ್ಲಿ ನೀರು ಹಾಗೇ ಇತ್ತು. ಅದನ್ನು ಮುಟ್ಟಿ ಚೆಲ್ಲುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅವಳ ಅತ್ತೆ ಬಂದವರಿಗೆಲ್ಲ ಹೇಳಿದ್ದನ್ನೇ ಹೇಳುತ್ತಿದ್ದರು.

“ನೀರು ಕಾಸೋ ರಾಡ್ ಬಕೀಟಿನಾಗ ಇತ್ರಿ. ಪಿನ್ ಕಿತ್ತು ಮುಟ್ಟವ್ವಾ ಅಂದೆ. ಸ್ವಿಚ್ ಬಂದ್ ಮಾಡೀನಿ ಅತ್ತೀ, ಸರ್ಕೀಟ್ ಪೂರ್ತಿ ಇಲ್ಲ, ಅದೇನೋ ಪ್ರವಾಹ ಅಂತ್ರಿ, ಪ್ರವಾಹ ಹ್ಯಾಂಗ ಬರ್ತದ ಅಂತ ನಕ್ಕೋತ ಬಕೀಟು ಹಿಡದಳ್ರಿ. ಹಿಡದಾಕಿ ಬಿಡಲೇ ಇಲ್ರಿ.”

ಪ್ರವಾಹ ಎಂಬ ಮಾತು ಆ ಮುದುಕಿಯ ಬಾಯಲ್ಲಿ ತೊಡರುತ್ತಿತ್ತು. ಪ್ರತಿ ಸಲ ಅದನ್ನು ನೆನಪಿಸಿಕೊಂಡು, ತಿದ್ದಿಕೊಂಡು ಹೇಳುತ್ತಿದ್ದರು. ಅದು ನನ್ನ ವಾಕ್ಯ. ನನ್ನ ಕರಿಹಲಗೆಯ ವಾಕ್ಯ.

ಮಹಾದೇವಿಯ ಗಂಡನೊಡನೆ ಹೋಗಿ ಬೋರ್ಡು ಬಿಚ್ಚಿ ನೋಡಿದೆ. ಎರಡು ತಂತಿಗಳಲ್ಲಿ ಯಾವುದಕ್ಕೆ ಸ್ವಿಚ್ಚು ಹಾಕಬೇಕೋ ಅದಕ್ಕೆ ಹಾಕಿರಲಿಲ್ಲ. ಇನ್ನೊಂದಕ್ಕೆ ಹಾಕಿದ್ದರು. ನಮ್ಮ ಕಡೆ ಹಳ್ಳಿಗಳಲ್ಲಿ ವೈರಿಂಗ್ ಮಾಡುವವರು ಕೈಗೆ ಸಿಕ್ಕ ತಂತಿ ಕತ್ತರಿಸಿ ಸ್ವಿಚ್ಚು ಕೂರಿಸುತ್ತಾರೆ; ದೀಪ ಹೊತ್ತುತ್ತದೆ, ಆರುತ್ತದೆ, ಯಾರೂ ಕೇಳುವುದಿಲ್ಲ. ಸ್ವಿಚ್ಚು ಆರಿಸಿದರೂ ಕೊಲ್ಲುವ ತಂತಿ ರಾಡಿನವರೆಗೂ ಜೀವಂತವಾಗಿ ಬಂದು ನಿಂತಿರುತ್ತದೆ. ರಾಡು ಸೀಳಿತ್ತು. ಬಕೀಟಿನ ಹಿಡಿಕೆಯ ಪ್ಲಾಸ್ಟಿಕ್ಕು ಸವೆದು ಹೋಗಿತ್ತು. ನೆಲ ಒದ್ದೆ, ಬರಿಗಾಲು.

ಮಹಾದೇವಿ ಹೇಳಿದ್ದು ತಪ್ಪಲ್ಲ. ಪುಸ್ತಕದ ಲೆಕ್ಕದಲ್ಲಿ ಅಕ್ಷರಶಃ ಸರಿ. ಅವಳು ಬಕೀಟು ಹಿಡಿಯುವವರೆಗೆ ಅಲ್ಲಿ ಪ್ರವಾಹ ಇರಲಿಲ್ಲ. ದಾರಿ ತುಂಡಾಗಿತ್ತು. ಅವಳು ಹಿಡಿದಾಗ ಪೂರ್ತಿಯಾಯಿತು. ಪೂರ್ತಿ ಅಂಕ ಕೊಡಬೇಕಾದ ಉತ್ತರ ಅದು. ಕರೆಂಟು ಸ್ನಾಯುಗಳನ್ನು ಹಿಂಡುತ್ತದೆ. ಅಂಗೈಯಲ್ಲಿ ಹಿಡಿದಿದ್ದರೆ ಮುಷ್ಟಿ ಇನ್ನೂ ಬಿಗಿಯುತ್ತದೆ. ಹಿಂಗೈ ತಾಗಿದ್ದರೆ ಅದೇ ಹಿಂಡುವಿಕೆ ಕೈಯನ್ನು ಆಚೆ ಎಳೆಯುತ್ತದೆ. ಇದೂ ಫಿಜಿಕ್ಸೇ. ಇದನ್ನು ನಮ್ಮವ್ವ ಎರಡು ಬಳೆ ಒಡೆದುಕೊಂಡು ನನಗೆ ಕಲಿಸಿದ್ದಳು.

ನಾಗಮ್ಮ ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡರು. ಆ ಹೊತ್ತಿನಲ್ಲೂ ಮಾಸ್ತರರಿಗೆ ಮರ್ಯಾದೆ.

“ಸಣ್ಣಾಕಿ ಇದ್ದಾಗ ಕೈ ಹಿಡಿದು ಕಲಿಸಿದ್ದೆ ಸರ. ಉಲ್ಟಾ ಕೈ ಹಚ್ಚು, ಉಲ್ಟಾ ಕೈ ಹಚ್ಚು ಅಂತ. ಹ್ಯಾಂಗ ಮರತಳ್ರಿ? ನಂದೇ ತಪ್ಪು. ಓದಿದಾಕಿಗಿ ನಾ ಏನ್ ಹೇಳೋದು ಅಂತ ಕಡೀಕ ಹೇಳೋದೇ ಬಿಟ್ಟೆ. ತಾಯಿ ಆದಾಕಿ ಬಿಡಬಾರದಿತ್ತು.”

ನಾನು ಅಲ್ಲೇ ಬಾಯಿ ಬಿಡಬೇಕಾಗಿತ್ತು. ತಪ್ಪು ನಿಮ್ಮದಲ್ಲ ತಾಯಿ, ನನ್ನದು, ನಾನು ಮರೆಸಿದೆ ಎನ್ನಬೇಕಾಗಿತ್ತು. ಅದರ ಬದಲು, “ಹಂಗ ಅನ್ಬ್ಯಾಡ್ರಿ, ಶಿವನ ಇಚ್ಛಾ” ಎಂದೆ. ತರಗತಿಯಲ್ಲಿ ‘ಕಾರಣ ಕೊಡಿ’ ಎಂದು ಗದರಿಸುವ ಮಾಸ್ತರ ನಾನು, ಅಂದು ಶಿವನ ಮೇಲೆ ಹಾಕಿ ಎದ್ದು ಬಂದೆ. ತಾಂಡೂರಿನಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯ ಸರಳನ್ನು ಹಿಡಿಯುವ ಮುಂಚೆ ನನ್ನ ಹಿಂಗೈ ತಾನೇ ಮುಂದೆ ಹೋಯಿತು. ಅಂದಿನಿಂದ ನಿಂತಿಲ್ಲ.

ಆಮೇಲೆ ನಾನು ನ್ಯಾಲ್ಕಲ್ ಕಡೆ ಹೋಗುವುದನ್ನೇ ಬಿಟ್ಟೆ. ಆ ಹಳ್ಳಿಯ ಜೀಪು ಬಂದರೆ ಪಕ್ಕದ ಅಂಗಡಿಗೆ ಸರಿದುಬಿಡುತ್ತಿದ್ದೆ. ಆದರೆ ಶಾಲೆಯಲ್ಲಿ ಎಲ್ಲಿಗೆ ಸರಿಯುವುದು? ಈ ವರ್ಷ ಗೌರಿ ಹತ್ತನೆಯ ತರಗತಿಗೆ ಬಂದಳು. ಅದೇ ವಿಭೂತಿ, ಅದೇ ಎರಡು ಜಡೆ, ಮೂರನೆಯ ಬೆಂಚು.

ವಿದ್ಯುತ್ತಿನ ಪಾಠವನ್ನು ಸಾಧ್ಯವಾದಷ್ಟು ದಿನ ಮುಂದೂಡಿದೆ. ಬೆಳಕು ಮುಗಿಯಿತು, ಆಮ್ಲ ಪ್ರತ್ಯಾಮ್ಲ ಮುಗಿಯಿತು. ಕೊನೆಗೆ ಬಂದೇ ಬಂತು. ಆ ದಿನ ನಾನು ಯಾರನ್ನೂ ನಗಿಸಲಿಲ್ಲ. ಪ್ರವಾಹವೆಂದರೇನು, ಪರೀಕ್ಷೆಗೆ ಏನು ಬರೆಯಬೇಕು ಎಂದು ಹೇಳಿದೆ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಹೇಳಿದೆ. ನಿಮ್ಮ ಅವ್ವ, ಅಪ್ಪ ‘ಕರೆಂಟ್ ಅದ’ ಎಂದರೆ ತಪ್ಪು ಎನ್ನಬೇಡಿ. ಹೊಡೆಯಬಹುದು, ಹುಷಾರು ಎಂದು ಅವರು ಹೇಳುತ್ತಿದ್ದಾರೆ. ಹರಿಯದೆಯೂ ಅದು ಕಾದು ನಿಂತಿರಬಹುದು, ಪುಸ್ತಕದಲ್ಲಿ ಅದಕ್ಕೆ ವಿಭವವೆಂಬ ಬೇರೆ ಹೆಸರಿದೆ. ಸ್ವಿಚ್ಚನ್ನು ನಂಬಬೇಡಿ, ಪಿನ್ ಕಿತ್ತು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ. ಅಷ್ಟಾದ ಮೇಲೂ ಮೊದಲು ಹಿಂಗೈ.

ಗೌರಿ ಎದ್ದು ನಿಂತಳು. ಚೀಲದಿಂದ ಒಂದು ಹಳೆಯ ಉತ್ತರಪತ್ರಿಕೆ ತೆಗೆದಳು. ಮಡಿಕೆಗಳಲ್ಲಿ ಹರಿದು, ಅಂಟು ಹಚ್ಚಿದ್ದ ಹಾಳೆ.

“ಅಕ್ಕನ ಟ್ರಂಕಿನಾಗ ಇತ್ರಿ ಸರ. ಹಂಗಾದ್ರ ಅಕ್ಕ ಬರದಿದ್ದು ತಪ್ಪು ಇದ್ದಿಲ್ಲೇನ್ರಿ?”

ಕೆಂಪು ಸೊನ್ನೆ. ಪಕ್ಕದಲ್ಲಿ ನನ್ನ ದುಂಡು ಅಕ್ಷರ: ಜ್ವರ ಎಷ್ಟಿದೆ? ಕೆಂಪು ಶಾಯಿ ಸ್ವಲ್ಪವೂ ಮಾಸಿರಲಿಲ್ಲ.

“ತಪ್ಪಿರಲಿಲ್ಲ ಗೌರಿ” ಎಂದೆ. “ಈ ಕಾಗದ ನಿಮ್ಮವ್ವ ನೋಡ್ಯಾರೇನು?”

“ಅವ್ವಗ ಓದಾಕ ಬರಾಂಗಿಲ್ರಿ ಸರ.”

ಸಂಜೆ ಅದೇ ಜೀಪಿನಲ್ಲಿ ಗೌರಿಯ ಜೊತೆ ಹೋದೆ. ನಾಗಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. “ಬರ್ರಿ ಸರ, ಎಷ್ಟ್ ದಿನ ಆತು! ಗೌರೀ, ಸರಗ ಚಾಪಿ ಹಾಸು, ಚಾ ಇಡು” ಎಂದರು. ನಾನು ಚಾಪೆಯ ಮೇಲೆ ಕುಳಿತು, ಕಾಗದ ಬಿಡಿಸಿ, ಮಗಳು ಬರೆದದ್ದನ್ನು ಓದಿ ಹೇಳಿದೆ. ಆಮೇಲೆ ನಾನು ಬರೆದದ್ದನ್ನು ಓದಿದೆ. ತರಗತಿ ನಕ್ಕದ್ದನ್ನೂ ಹೇಳಿದೆ. ಏನೂ ಬಿಡಲಿಲ್ಲ.

ಮೊರದಲ್ಲಿ ಅವರ ಕೈ ನಿಂತಿತು.

“ಆಕಿ ಬರದಿದ್ದು ಖರೇ ಇತ್ತೇನ್ರಿ?”

“ಖರೇ ಇತ್ರಿ.”

“ಹಂಗಾದ್ರ ಆಕಿ ಮರತಿದ್ದಿಲ್ಲ.”

“ಇಲ್ರಿ. ನಾ ಮರೆಸಿದೆ.”

ಅವರು ಮೊರ ಕೆಳಗಿಟ್ಟರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅತ್ತಿದ್ದರೆ ನಾನೂ ಅಳುತ್ತಿದ್ದೆ. ಕೊನೆಗೆ ಮೆಲ್ಲಗೆ ಕೇಳಿದರು.

“ಎರಡು ವರ್ಷ ಆತಲ್ರಿ ಸರ. ದಿನಾ ಒಲೀ ಮುಂದ ಕುಂತು, ನಾನೇ ಸರಿಯಾಗಿ ಕಲಿಸಲಿಲ್ಲ, ನನ್ನ ಮಗಳನ್ನ ನಾನೇ ಕೊಂದೆ ಅಂತ ನನಗ ನಾ ಬೈಕೊಂಡೀನಿ. ನೀವು ಅವತ್ತೇ ಹೇಳಬೇಕಿಲ್ಲೇನ್ರಿ?”

ಅವರು ಎದ್ದು ನನ್ನ ಕೈಯಿಂದ ಕಾಗದ ತೆಗೆದುಕೊಂಡರು, ಮಡಿಕೆ ಕೆಡದಂತೆ ಮಡಚಿದರು, ಒಳಗೆ ಹೋದರು. ಒಲೆಯ ಮೇಲೆ ಚಹಾ ಕುದಿಯುವ ವಾಸನೆ ಬರುತ್ತಿತ್ತು. ಆಮೇಲೆ ಅದು ನಿಂತಿತು. ಒಳಗಿನಿಂದ ಯಾರೂ ಬರಲಿಲ್ಲ. ಕತ್ತಲಾಗುವ ಮುಂಚೆ ನಾನೇ ಎದ್ದು, ಚಾಪೆ ಸುತ್ತಿ ಗೋಡೆಗೆ ಒರಗಿಸಿದೆ. ಆ ಮನೆಯಿಂದ ಚಹಾ ಕುಡಿಯದೆ ಹೊರಟದ್ದು ಅದೇ ಮೊದಲು.